ತಿಗಣೆಯ ಬುತ್ತಿ, ರಿಜಿಸ್ಟರಿನ ಒಂದು ಸಾಲು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿದೆ! ಎಂಥ ಕೆಲಸ ಅಂತೀರಿ, ನಾನು ಇಡೀ ಆಯುಷ್ಯ ಮಾಡಿದ ಕೆಲಸ. ಕೃಷಿ ಸಂಶೋಧನೆಯ ಅದೇ ಕ್ಯಾಂಪಸ್ಸು, ಹುಳು ಸಾಕುವ ಅದೇ ಹುಳುಮನೆ. ನಾನು ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಅವಳು ಕೊರಳಿಗೆ ಫೋಟೋ ಇರುವ ಕಾರ್ಡು ಹಾಕಿಕೊಂಡು ಹೋಗಿದ್ದಾಳೆ. ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ಒಂದು ಮನೆ ಬಿಡದೆ ಪೇಡೆ ಹಂಚಿದೆ. ನನಗೆ ಸಕ್ಕರೆ ಕಾಯಿಲೆ, ಆದರೂ ಎರಡು ತಿಂದೆ. ರೇಲ್ವೆಯಿಂದ ರಿಟೈರಾದ ಪಕ್ಕದ ಮನೆಯವರು, "ಏಂ ಸಾಯಿಬಣ್ಣಾ, ಮನವರಾಲಿ ಪೆಳ್ಳಾ?" ಎಂದು ಕೇಳಿದರು, ಮೊಮ್ಮಗಳ ಮದುವೆಯೇ ಅಂತ. "ಪೆಳ್ಳಿ ಕಾದು, ನೌಕರಿ!" ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದೆ.

ಹೆಸರು ಭೀಮಬಾಯಿ, ನನ್ನ ತಾಯಿಯ ಹೆಸರು. ಮನೆಯಲ್ಲಿ ಭೀಮಿ. ಹುಳುಗಳ ವಿಷಯದಲ್ಲೇ ಕಾಲೇಜು ಓದಿದ್ದಾಳೆ. ಇವತ್ತು ಮೊದಲ ದಿನ.

ಪೇಡೆ ಹಂಚಿ ಬಂದು ಖಾಲಿ ಡಬ್ಬಿ ಮುಂದಿಟ್ಟುಕೊಂಡು ಕುಳಿತೆ ನೋಡಿ, ಆಗ ಸಿಟ್ಟು ಬಂತು. ವಿಪರೀತ ಸಿಟ್ಟು. ಆ ಹುಳುಮನೆಯ ಕಪಾಟಿನಲ್ಲಿ ಒಂದು ಹಳೆಯ ರಿಜಿಸ್ಟರಿದೆ. ಅದರ ಒಂದು ಪುಟದಲ್ಲಿ ಇಂಗ್ಲಿಷಿನ ಒಂದು ಸಾಲು, ಅದರ ಕೆಳಗೆ ಕನ್ನಡದಲ್ಲಿ ನನ್ನ ಸಹಿ. ಆ ಸಾಲು ಸುಳ್ಳು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಹೆಂಡತಿ ಮಲ್ಲಮ್ಮನಿಗೂ ಹೇಳಿಲ್ಲ. ಭೀಮಿ ಅದನ್ನು ಓದುವ ಮೊದಲು ನನ್ನ ಬಾಯಿಂದ ಕೇಳಬೇಕಿತ್ತು. ನಿನ್ನೆ ಹೇಳೋಣ ಎಂದರೆ, ಅವಳು ಹೊಸ ಬಟ್ಟೆಗೆ ಇಸ್ತ್ರಿ ಹಾಕುತ್ತ ಹಾಡು ಹೇಳಿಕೊಳ್ಳುತ್ತಿದ್ದಳು. ಬಾಯಿ ಬರಲಿಲ್ಲ. ಅದಕ್ಕೇ ಇವತ್ತು ಅವಳು ಹೋದ ಮೇಲೆ ಬರೆಯಲು ಕುಳಿತೆ. ಸಂಜೆ ಬಂದ ತಕ್ಷಣ ಕೈಗೆ ಕೊಡುತ್ತೇನೆ. ಶಾಲೆಯಲ್ಲಿ ಅವಳು ಕಲಿತದ್ದು ತೆಲುಗು, ಇಂಗ್ಲಿಷು. ಕನ್ನಡ ಅಕ್ಷರ ತಿದ್ದಿಸಿದವನು ನಾನು. ಅವಳ ಹಾಗೆ ಈ ಕೆಲಸಕ್ಕೆ ಸೇರುವ ಬೇರೆ ಮಕ್ಕಳೂ ಓದಲಿ. ನನ್ನದು ನಾಲ್ಕನೇ ಇಯತ್ತೆಯ ವಿದ್ಯೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಸಂಗತಿ ತಪ್ಪಿಲ್ಲ.

ಸುರಪುರದ ಕಡೆಯಿಂದ ಗೌಂಡಿ ಕೆಲಸದ ಗುಂಪಿನ ಜೊತೆ ಹೈದರಾಬಾದಿಗೆ ಬಂದವನು ನಾನು. ಊರ ಹೊರಗಿನ ಆ ಕ್ಯಾಂಪಸ್ಸಿನ ಕಂಪೌಂಡು ಗೋಡೆ ಕಟ್ಟಿದವರು ನಾವೇ. ಗೋಡೆ ಮುಗಿಯುವ ಹೊತ್ತಿಗೆ ಅಲ್ಲಿಯ ಸಾಹೇಬರೊಬ್ಬರು, ವಯಸ್ಸಾದವರು, ಗಾರೆ ಮೆತ್ತುತ್ತಿದ್ದ ನನ್ನ ಹತ್ತಿರ ಬಂದು, "ಪುರುಗಂಟೆ ಭಯಮಾ?" ಎಂದು ಕೇಳಿದರು. ಹುಳು ಕಂಡರೆ ಹೆದರಿಕೆಯೇ ಅಂತ.

"ಅವಕ್ಕ ನನ್ನ ಕಂಡ್ರ ಭಯ ಐತೇನು, ಮೊದಲ ಅವನ್ನ ಕೇಳ್ರಿ" ಎಂದೆ.

ನಕ್ಕರು. ಮರುದಿನದಿಂದ ಕೆಲಸಕ್ಕೆ ಬಾ ಎಂದರು.

ಕೆಲಸ ಏನು? ಅವರೆ ತಿಗಣೆ ಸಾಕುವುದು. ಹೆಸರುಕಾಳಿಗಿಂತ ತುಸು ದೊಡ್ಡದು, ದುಂಡಗೆ, ಹಸಿರು ಕಂದು ಬೆರೆತ ಬಣ್ಣ. ಅವರೆ ಬಳ್ಳಿಯ ಎಳೆಯ ಕುಡಿಗೆ ಗುಂಪಾಗಿ ಮೆತ್ತಿಕೊಂಡು ರಸ ಹೀರುತ್ತದೆ. ರೈತರು ಕೊಲ್ಲುವ ಹುಳುವನ್ನು ಸಂಬಳ ಕೊಟ್ಟು ಯಾಕೆ ಸಾಕಿಸುತ್ತಾರೆ ಎಂದು ನಮ್ಮ ಗುಂಪಿನವರು ನಗುತ್ತಿದ್ದರು. ಕೊಲ್ಲಬೇಕಾದರೆ ಮೊದಲು ಅದು ಹೇಗೆ ಬದುಕುತ್ತದೆ ಎಂದು ತಿಳಿಯಬೇಕಂತೆ, ಅದಕ್ಕೆ.

ಮುಟ್ಟಿದರೆ ನಾರುತ್ತದೆ. ಎಂಥ ನಾತ ಎಂದರೆ, ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ. ಮಲ್ಲಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು. "ಅಲ್ಲೇ ಕೂಡ್ರಿ, ತಾಟು ಅಲ್ಲಿಗೇ ತರ್ತೀನಿ." ಆಗ ತಿಗಣೆ ಹಿಡಿಯಲು ಗಾಜಿನ ನಳಿಗೆಗೆ ರಬ್ಬರು ಕೊಳವೆ ಸಿಕ್ಕಿಸಿ ಬಾಯಿಂದ ಎಳೆಯಬೇಕಿತ್ತು. ನಡುವೆ ಒಂದು ಚೂರು ಬಲೆಬಟ್ಟೆ ಇರುತ್ತದೆ, ಹುಳು ಬಾಯಿಗೆ ಬರದಿರಲಿ ಅಂತ. ಒಂದು ದಿನ ಆ ಬಟ್ಟೆ ಹಾಕುವುದನ್ನು ಮರೆತೆ. ಜೊತೆಗಿದ್ದ ಯಾದಯ್ಯ ಕ್ಯಾಂಪಸ್ಸಿಗೆಲ್ಲ ಸಾರಿದ, "ಮಾ ಲಿಂಗಾಯತ್ ಸಾಯಿಬಣ್ಣ ನಾನ್‌ವೆಜ್ ಮೊದಲುಪೆಟ್ಟಿಂಡು!" ಎಂದು, ಮಾಂಸ ತಿನ್ನಲು ಶುರು ಮಾಡಿದ ಅಂತ. ಈಗ ಬ್ಯಾಟರಿ ಮಷೀನು ಬಂದಿದೆ, ಗುಂಡಿ ಒತ್ತಿದರೆ ಅದೇ ಎಳೆದುಕೊಳ್ಳುತ್ತದೆ. ಭೀಮಿ ಪುಣ್ಯವಂತೆ.

ಮೊದಲ ವರ್ಷ ಒಂದು ದೊಡ್ಡ ತಪ್ಪು ಮಾಡಿದೆ. ಪಂಜರಕ್ಕೆ ಮಲ್ ಬಟ್ಟೆ ತರಲು ಬೇಗಂ ಬಜಾರಿಗೆ ಹೋದವನು, ಬರುವ ದಾರಿಯಲ್ಲಿ ಫಳಫಳ ಹೊಳೆಯುವ ಅವರೆಕಾಯಿ ಕಂಡು ಎರಡು ಕಿಲೋ ತಂದೆ. ಒಂದು ಕಾಯಿಗೂ ತೂತಿಲ್ಲ. ನನ್ನ ತಿಗಣೆಗಳಿಗೆ ಹಬ್ಬ ಮಾಡಿಸಿದೆ ಎಂದು ಬೀಗಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಕಾಲು ಮೇಲೆ ಮಾಡಿ ಬಿದ್ದಿದ್ದವು. ಔಷಧಿ ಹೊಡೆದ ಕಾಯಿ. ಆ ವಯಸ್ಸಾದ ಸಾಹೇಬರು ಬಂದು ನೋಡಿದರು. ಬೈಯಲಿಲ್ಲ. ತೂತಿರುವ ಕಾಯಿಯನ್ನೇ ನಂಬು ಎಂದರು. ರಿಜಿಸ್ಟರಿನಲ್ಲಿ ತಾವೇ ಬರೆದರು, ಬರೆದದ್ದನ್ನು ತೆಲುಗಿನಲ್ಲಿ ನನಗೆ ಓದಿ ಹೇಳಿದರು: "ಪೇಟೆಯ ಕಾಯಿ ಹಾಕಬಾರದೆಂದು ನಾನು ಇವನಿಗೆ ಹೇಳಿರಲಿಲ್ಲ." ಆಮೇಲೆ ಸಹಿ ಮಾಡು ಎಂದರು. ಮಾಡಿದೆ. ರಿಜಿಸ್ಟರೆಂದರೆ ಹೀಗೇ ಇರುತ್ತದೆ ಎಂದು ತಿಳಿದೆ. ನನಗೆ ಮುಳುವಾದದ್ದು ಆ ತಿಳುವಳಿಕೆಯೇ.

ಅವರು ರಿಟೈರಾದರು. ಹೊಸ ಸಾಹೇಬರು ಬಂದರು. ಬಿಳಿ ಕೋಟು, ಬಿಳಿ ಬೂಟು, ಜೇಬಿನಲ್ಲಿ ಬಿಳಿ ಕರ್ಚೀಫು. ಬಾಗಿಲ ಹಿಡಿಕೆಯನ್ನು ಕರ್ಚೀಫಿನಿಂದ ಹಿಡಿದು ತೆಗೆಯುವವರು. ಹುಳುಮನೆ ಆಸ್ಪತ್ರೆಯ ಹಾಗಿರಬೇಕು ಎಂದರು. ತೊಳೆದೆವು. ಔಷಧಿ ನೀರಿನಲ್ಲಿ ಒರೆಸಿದೆವು. ಅಲ್ಲಿಯವರೆಗೆ ಸರಿ.

ಒಂದು ದಿನ ದಪ್ಪ ಗಾಜಿನ ಕೆಳಗೆ ಮೊಟ್ಟೆ ನೋಡುತ್ತಿದ್ದವರು ಮುಖ ಸಿಂಡರಿಸಿದರು. ನಮ್ಮ ತಿಗಣೆ ಎಲೆಯ ಮೇಲೆ ಎರಡು ಸಾಲಾಗಿ ಮೊಟ್ಟೆ ಇಡುತ್ತದೆ, ಬಳೆ ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ ಅಚ್ಚುಕಟ್ಟು. ಆ ಸಾಲಿನ ಅಡಿಯಲ್ಲಿ, ಅಲ್ಲೊಂದು ಇಲ್ಲೊಂದು, ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಅಂಟಿಸುತ್ತದೆ.

"ಯೇ ಕ್ಯಾ ಗಂದಗಿ ಹೈ, ಸಾಯಿಬಣ್ಣಾ? ಅಂಡೇ ಕೇ ನೀಚೇ ಟಟ್ಟಿ?"

ಹೇಲು ಅಂದುಕೊಂಡರು. ನಿಜ ಹೇಳಬೇಕೆಂದರೆ, ನಾನೂ ಅದನ್ನೇ ಅಂದುಕೊಂಡಿದ್ದೆ. ಆದರೆ ಪ್ರತಿ ತಾಯಿಯೂ ಹಾಕುತ್ತದೆ, ಅಷ್ಟೊಂದು ಲೆಕ್ಕಾಚಾರವಾಗಿ ಹಾಕುತ್ತದೆ ಎಂಬುದನ್ನು ಎಷ್ಟೋ ವರ್ಷದಿಂದ ನೋಡಿದ್ದೆ. ಅದನ್ನೇ ಹೇಳಿದೆ, "ಸಾಬ್, ಹರ್ ಮಾ ಡಾಲ್ತೀ ಓ."

"ಮೈಂ ತುಮ್ಕು ಪೂಛಾ ಕ್ಯಾ? ಸಾಫ್ ಕರೋ ಸಬ್."

ಎಲ್ಲ ಒರೆಸು, ನಿನ್ನನ್ನು ಕೇಳಿದೆನೇ ಎಂದರು. ಇಷ್ಟು ವರ್ಷದ ಮೇಲೂ ಆ ಮಾತು ನೆನೆದರೆ ಹಲ್ಲು ಕಡಿಯುತ್ತೇನೆ. ಕೇಳಬೇಕಿತ್ತು! ಆ ಹುಳುವಿನ ಜೊತೆ ದಿನಾ ಎಂಟು ತಾಸು ಕೂಡುವವನನ್ನು ಕೇಳದೆ ಇನ್ಯಾರನ್ನು ಕೇಳುತ್ತೀರಿ, ಗೋಡೆಯನ್ನೇ?

ಒರೆಸಿದೆ. ಇದನ್ನು ಮುಚ್ಚಿಡುವುದಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಚುಕ್ಕೆ ಎಬ್ಬಿಸಿ, ತೀರ ಸಣ್ಣ ಬ್ರಶ್ಶಿನಿಂದ ಒರೆಸಿದೆ. ಒಂದು ಮೊಟ್ಟೆಗೂ ಗೀರು ಬೀಳಲಿಲ್ಲ. ಯಾದಯ್ಯ ನೋಡಿ, "ನೀ ಚೇತುಲು ಬಂಗಾರಂ ರಾ" ಎಂದ, ನಿನ್ನ ಕೈ ಬಂಗಾರ ಅಂತ. ನನಗೂ ಹೆಮ್ಮೆಯಾಯಿತು. ಅದೇ ಹೆಮ್ಮೆಗೆ ಈಗ ನಾಚಿಕೆಪಡುತ್ತೇನೆ.

ಮೊಟ್ಟೆ ಒಡೆದವು. ಅವರೆ ತಿಗಣೆಯ ಮರಿ ಹೊರಗೆ ಬಂದ ಕೂಡಲೇ ಎಲ್ಲಿಗೂ ಓಡುವುದಿಲ್ಲ. ಚಿಪ್ಪಿನ ಹತ್ತಿರವೇ ತಲೆ ತಗ್ಗಿಸಿಕೊಂಡು ಇದ್ದು, ಆಮೇಲೆ ಒಂದಕ್ಕೊಂದು ಅಂಟಿ ಸುಮ್ಮನೆ ಕೂಡುತ್ತವೆ, ಹಾಲು ಕುಡಿದು ಮಲಗಿದ ಕೂಸಿನ ಹಾಗೆ. ಈ ಮರಿಗಳು ಸುಮ್ಮನಾಗಲೇ ಇಲ್ಲ. ಎಲೆ ಸುತ್ತಿದವು. ಎಲೆ ಬಿಟ್ಟು ಗಾಜು ಹತ್ತಿದವು. ಮುಂಜಾನೆಯಿಂದ ಸಂಜೆಯವರೆಗೆ ಏನನ್ನೋ ಹುಡುಕುತ್ತಿದ್ದವು. ಕೊನೆಗೆ ಬಳ್ಳಿಗೆ ಬಾಯಿ ಹಾಕಿದವು, ಆದರೂ ಬೆಳೆಯಲಿಲ್ಲ. ಬಿಳುಚಿಕೊಂಡು ಸಣಕಲಾಗಿ, ಒಂದೊಂದೇ ಉದುರಿದವು. ಎರಡನೇ ತಂಡವೂ ಹಾಗೇ. ಮೂರನೆಯದೂ ಹಾಗೇ.

ಸಾಹೇಬರು ರಿಜಿಸ್ಟರು ತೆಗೆದು ಬರೆದರು. "ಸೈನ್ ಕರೋ" ಎಂದರು. ನಾನು ಮಾಡಿದೆ. ಹಿಂದಿನ ಸಾಹೇಬರ ಅಭ್ಯಾಸ ನೋಡಿ, ನಂಬಿ ಮಾಡಿದೆ.

ಮರುದಿನ ನನ್ನನ್ನು ಹುಳುಮನೆಯಿಂದ ತೆಗೆದು ಗಾಜು ತೊಳೆಯುವ ಕೋಣೆಗೆ ಹಾಕಿದರು. ಯಾಕೆ ಎಂದು ಕೇಳಿದರೆ ಯಾರೂ ಮುಖ ಕೊಡುವುದಿಲ್ಲ. ಒಂದು ವಾರದ ಮೇಲೆ ಯಾದಯ್ಯ ಗುಟ್ಟಾಗಿ ರಿಜಿಸ್ಟರು ತಂದು ಓದಿ ಹೇಳಿದ. ಕೆಲಸಗಾರ ಸಾಯಿಬಣ್ಣನ ಕೊಳಕು ಕೈ ಮತ್ತು ತಂಬಾಕಿನ ಚಟದಿಂದ ಮೂರು ತಂಡದ ಮರಿಗಳು ನಾಶವಾದವು ಎಂದು ಬರೆದಿತ್ತು.

ತಂಬಾಕು! ಅಡಿಕೆಯ ಚೂರನ್ನೂ ಬಾಯಿಗೆ ಹಾಕಿದವನಲ್ಲ ನಾನು. ಕೊಳಕು ಕೈಯಂತೆ. ಅತಿ ಸ್ವಚ್ಛ ಮಾಡಿದ ಕೈಗೆ ಕೊಳಕು ಎಂಬ ಹೆಸರು. ಮಕ್ಕಳೇ, ಇದನ್ನು ಓದುವವರು ಯಾರೇ ಇರಿ, ನಿಮಗೆ ಬಾರದ ಭಾಷೆಯಲ್ಲಿ ಏನೇ ಬರೆದು ಸಹಿ ಕೇಳಿದರೂ, "ಓದಿ ಹೇಳ್ರಿ" ಎನ್ನಿ. ನಾಚಬೇಡಿ. ನಾನು ನಾಚಿದ್ದಕ್ಕೆ ಇಡೀ ಆಯುಷ್ಯ ಹಲ್ಲು ಕಡಿಯುತ್ತಿದ್ದೇನೆ.

ಮನೆಯಲ್ಲಿ ಮಲ್ಲಮ್ಮನಿಗೆ, ಮೊಣಕಾಲು ನೋವಿದೆಯೆಂದು ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆ ಎಂದು ಹೇಳಿದೆ. "ಎಂಥ ಒಳ್ಳೇ ಸಾಹೇಬರು" ಎಂದಳು ಪಾಪ.

ತೊಳೆಯುವ ಕೋಣೆಯಲ್ಲಿ ನಾಲ್ಕು ವರ್ಷ. ಹುಳುಮನೆಯಲ್ಲಿ ಒರೆಸುವುದು ನಡೆದೇ ಇತ್ತು, ಮರಿ ಸತ್ತಾಗಲೆಲ್ಲ ಹೊಲದಿಂದ ಹೊಸ ತಿಗಣೆ ಹಿಡಿದು ತರುತ್ತಿದ್ದರು. ಒಂದು ದಿನ ಹುಳುಮನೆಯಿಂದ ಬಂದ ಜಾಡಿಯೊಂದರ ತಳದಲ್ಲಿ ಒಂದು ಎಲೆ ಅಂಟಿತ್ತು. ಅದರ ಮೇಲೆ ಎರಡು ಸಾಲು ಮೊಟ್ಟೆ, ಯಾರ ಬ್ರಶ್ಶೂ ತಾಗದ್ದು. ಚುಕ್ಕೆಗಳು ಹಾಗೇ ಇದ್ದವು. ಎಸೆಯಲು ಮನಸ್ಸಾಗಲಿಲ್ಲ. ಕಿಟಕಿಯಲ್ಲಿ ಡಬ್ಬಿಯೊಳಗೆ ಅವರೆ ಸಸಿ ಹಾಕಿಕೊಂಡಿದ್ದೆ, ಅದಕ್ಕೆ ಎಲೆ ಸಿಕ್ಕಿಸಿದೆ. ಮರಿಗಳು ಹೊರಗೆ ಬಂದ ದಿನ ಕೈಯಲ್ಲಿದ್ದ ಜಾಡಿ ಬಿಟ್ಟು ಅಲ್ಲೇ ಕುಳಿತೆ. ಒಂದು ಮರಿ ತಿರುಗಿತು, ತನ್ನ ಚಿಪ್ಪಿನ ಕೆಳಗೆ ತಲೆ ಹಾಕಿತು, ಕಂದು ಚುಕ್ಕೆಗೆ ಸೊಂಡಿಲು ಚುಚ್ಚಿ ಹೀರತೊಡಗಿತು. ಪಕ್ಕದ್ದೂ ಹೀರಿತು. ಎಲ್ಲವೂ. ಹೀರಿ ಮುಗಿಸಿ, ಒಂದಕ್ಕೊಂದು ಅಂಟಿ, ಸುಮ್ಮನೆ ಕುಳಿತವು.

ಮಲ್ಲಮ್ಮನ ರೊಟ್ಟಿಯ ಗಂಟು ನೆನಪಾಯಿತು. ನಾವು ಗೌಂಡಿ ಕೆಲಸಕ್ಕೆ ಹೋಗುವಾಗ ಮಲ್ಲಮ್ಮ ಮಗನ ತಲೆದೆಸೆಯಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಇಟ್ಟು ಹೋಗುತ್ತಿದ್ದಳು. ಎದ್ದ ಕೂಡಲೇ ತಿನ್ನಲಿ ಅಂತ. ಇದು ಹೇಲಲ್ಲ, ಬುತ್ತಿ! ತಾಯಿ ಕಟ್ಟಿಟ್ಟ ಬುತ್ತಿಯನ್ನು ಮೂರು ತಂಡದ ಕೂಸುಗಳ ಬಾಯಿಂದ ನಾನು ಒರೆಸಿ ಬಿಸಾಕಿದ್ದೆ.

ಆಗ ಸುಜಾತಾ ಮೇಡಂ ಎಂಬವರು ಹೊಸದಾಗಿ ಬಂದಿದ್ದರು. ಅವರೊಬ್ಬರೇ ತೊಳೆಯುವ ಕೋಣೆಗೆ ಬಂದು ಜಾಡಿಯನ್ನು ತಾವೇ ಒಯ್ಯುವವರು. ಅವರಿಗೆ ತೋರಿಸಿದೆ. ನಂಬುವುದಕ್ಕೆ ಎರಡು ಎಲೆ ಮಾಡೋಣ ಎಂದರು. ಒಂದರ ಬುತ್ತಿ ಒರೆಸು, ಒಂದರದು ಬಿಡು. ಒರೆಸಲು ನನ್ನ ಕೈ ಮೇಲೇಳಲಿಲ್ಲ, ಅವರೇ ಒರೆಸಿದರು. ಬುತ್ತಿ ಇದ್ದವು ಬೆಳೆದವು. ಇಲ್ಲದವು ಗಾಜು ಸುತ್ತಿ ಸುತ್ತಿ ಸತ್ತವು.

"ಸಾಯಿಬಣ್ಣ ಗಾರೂ, ದೀನ್ನಿ ಏಮಂಟಾರು ಮೀರು?" ಇದಕ್ಕೆ ನೀವು ಏನನ್ನುತ್ತೀರಿ ಎಂದು ಕೇಳಿದರು.

"ಬುತ್ತಿ ರಿ."

ಅವರು ಒಂದು ಬುತ್ತಿಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಒಳಗೆ ಬರೀ ಸೂಕ್ಷ್ಮಜೀವಿ, ಸಂತೆಯ ಹಾಗೆ ಕಿಕ್ಕಿರಿದಿದ್ದವು. ಅವರು ತಿಳಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಬಳ್ಳಿಯ ರಸ ಅಂದರೆ ಸಕ್ಕರೆ ನೀರಿದ್ದ ಹಾಗೆ. ಅದೊಂದನ್ನೇ ಕುಡಿದರೆ ಮೈ ಕಟ್ಟುವುದಿಲ್ಲ. ತಿಗಣೆಯ ಕರುಳಿನ ಕೊನೆಯಲ್ಲಿ ಸಣ್ಣ ಸಣ್ಣ ಕೋಣೆಗಳಿವೆ, ಅಲ್ಲಿ ಈ ಜೀವಿಗಳ ವಾಸ. ರಸದಲ್ಲಿ ಇಲ್ಲದ ಸತ್ವವನ್ನು ಇವು ಅಲ್ಲೇ ಕುಳಿತು ತಯಾರಿಸಿ ಕೊಡುತ್ತವೆ. ಹುಟ್ಟುವಾಗ ಮರಿಯ ಹೊಟ್ಟೆಯಲ್ಲಿ ಇವು ಇರುವುದಿಲ್ಲ. ಅದಕ್ಕೇ ತಾಯಿ ತನ್ನ ಕರುಳಿನಿಂದ ತೆಗೆದು ಪೊಟ್ಟಣ ಕಟ್ಟಿ ಇಡುತ್ತಾಳೆ.

ಎಷ್ಟು ಕಾಲದಿಂದ ಎಂದು ಕೇಳಿದೆ. ಮನುಷ್ಯರು ಹುಟ್ಟುವುದಕ್ಕೂ ಬಹಳ ಹಿಂದಿನಿಂದ ಎಂದರು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಒಂದು ಸಲವೂ ತುಂಡಾಗದೆ ಬಂದಿದೆ. ಹಾಗೆ ಬಂದು ಬಂದು, ಆ ಸೂಕ್ಷ್ಮಜೀವಿ ಹೊರಗೆ ತಾನೇ ಬದುಕುವ ವಿದ್ಯೆಯನ್ನು ಕಳೆದುಕೊಂಡಿದೆ. ಬೇಕಿಲ್ಲದ ಗುಣಗಳೆಲ್ಲ ಉದುರಿ ಹೋಗಿವೆ, ತಿಗಣೆಗೆ ಬೇಕಾದವು ಉಳಿದಿವೆ. ನಮ್ಮ ತಿಗಣೆಗೆ ಅಣ್ಣತಮ್ಮಂದಿರಂಥ ಬೇರೆ ತಿಗಣೆಗಳಿವೆಯಂತೆ. ಹುಳುಗಳ ವಂಶದ ಗಿಡ ಒಂದು ಕಡೆ ಬರೆದು, ಅವುಗಳ ಹೊಟ್ಟೆಯ ಜೀವಿಗಳ ವಂಶದ ಗಿಡ ಇನ್ನೊಂದು ಕಡೆ ಬರೆದರೆ, ಕೊಂಬೆಗೆ ಕೊಂಬೆ ಹೊಂದುತ್ತದೆಯಂತೆ. ಎಲ್ಲ ಹುಳುವೂ ಹೀಗಲ್ಲ. ಇನ್ನೊಂದು ಜಾತಿಯ ತಿಗಣೆ ಪ್ರತಿ ಪೀಳಿಗೆಯಲ್ಲೂ ತನಗೆ ಬೇಕಾದ್ದನ್ನು ಮಣ್ಣಿನಿಂದ ಹೊಸದಾಗಿ ಎತ್ತಿಕೊಳ್ಳುತ್ತದೆ. ಒಂದೊಂದು ಮನೆಯದು ಒಂದೊಂದು ಪದ್ಧತಿ.

ನಾನು ಕೇಳಿದೆ, "ಹಂಗಾದ್ರ ಮೇಡಂ, ಅಷ್ಟು ಕಾಲ ತುಂಡಾಗದ್ದು ನನ್ನ ಬ್ರಶ್ಶಿಗೆ ತುಂಡಾತು?"

ಅವರು ಮೈಕ್ರೋಸ್ಕೋಪು ಬಿಟ್ಟು ಎದ್ದರು. ನೇರ ಸಾಹೇಬರ ಕೋಣೆಗೆ ಹೋದರು. ಸೋಮವಾರದಿಂದ ಒರೆಸುವುದು ಬಂದ್ ಆಯಿತು. ನನ್ನನ್ನು ಹುಳುಮನೆಗೆ ವಾಪಸು ಹಾಕಿದರು. ಎಲ್ಲರೂ "ಬುತ್ತಿ, ಬುತ್ತಿ" ಎನ್ನತೊಡಗಿದರು, ಹಿಂದಿಯವರೂ. ಸಾಹೇಬರು ಬಂದ ಅತಿಥಿಗಳಿಗೆಲ್ಲ ಗಾಜಿನಲ್ಲಿ ಬುತ್ತಿ ತೋರಿಸಿದರು. ಆದರೆ ರಿಜಿಸ್ಟರಿನ ಸಾಲು?

ಕೇಳಿದೆ. "ಪುರಾನಾ ಹೈ, ಛೋಡೋ" ಎಂದರು. ಹಳೆಯದಂತೆ. ನನಗೆ ಹಳೆಯದಾಗಿರಲಿಲ್ಲ. ಇನ್ನೊಮ್ಮೆ ಕೇಳಿದೆ. ಸರ್ಕಾರಿ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕುವಂತಿಲ್ಲ ಎಂದರು. ಸುಳ್ಳು ಬರೆಯಲು ಅಡ್ಡಿಯಿಲ್ಲ, ಅಳಿಸಲು ಕಾಯ್ದೆ ಅಡ್ಡ! ಸುಜಾತಾ ಮೇಡಂ ಜಗಳಾಡಿದರು, ಅಷ್ಟರಲ್ಲಿ ಅವರಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತು. ನಾನು ರಿಟೈರಾದ ದಿನ ಹಾರ ಹಾಕಿ ಶಾಲು ಹೊದಿಸಿದರು. ಇನ್ನೇನು ಬೇಕು ಹೇಳು ಎಂದು ಯಾರೋ ಅಂದರು. ಆ ಸಾಲು ತೆಗೆಯಿರಿ ಎಂದೆ. ಸಭೆ ನಕ್ಕಿತು, ಮುದುಕ ತಮಾಷೆ ಮಾಡುತ್ತಾನೆ ಎಂದು. ಶಾಲು ಕೊಟ್ಟರು, ಸಾಲು ಬಿಟ್ಟರು. ಆ ಶಾಲನ್ನು ಇವತ್ತಿಗೂ ಮಡಿಕೆ ಬಿಚ್ಚಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಸಂಜೆಯಾಗಿತ್ತು. ಭೀಮಿ ಬಂದಳು. ಚಪ್ಪಲಿ ಬಿಡುವ ಮೊದಲೇ ಫೋನು ನನ್ನ ಮುಖಕ್ಕೆ ಹಿಡಿದಳು.

"ಮುತ್ಯಾ, ಇದು ನಿನ್ನ ಸಹಿ ಹೌದಲ್ಲ?"

ಕೆಲಸ ಕಲಿಯಲೆಂದು ಮೊದಲ ದಿನವೇ ಹಳೆಯ ರಿಜಿಸ್ಟರು ಓದಲು ಕೊಟ್ಟಿದ್ದರಂತೆ. ಅಷ್ಟೂ ಪುಸ್ತಕದಲ್ಲಿ ಕನ್ನಡದ ಸಹಿ ನನ್ನದೊಂದೇ.  ಬರೆದ ಕಾಗದವನ್ನು ಅವಳ ಕೈಗೆ ಕೊಟ್ಟೆ. ನಿಂತೇ ಓದಿದಳು. ಓದುತ್ತ ಅವಳ ಮೂಗು ಕೆಂಪಾಯಿತು. ಆಮೇಲೆ, ನಾನು ಬೇಡವೆಂದರೂ ಕೇಳದೆ, ಅಡುಗೆಮನೆಗೆ ಹೋಗಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದಳು. ಮಗ ಶರಣಪ್ಪ, ಸೊಸೆ ಲಕ್ಷ್ಮಿ, ಮಲ್ಲಮ್ಮ, ಎಲ್ಲರೂ ಕೇಳಿದರು.

ಮಲ್ಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮೊಣಕಾಲು ಅಂದ್ರಿ ನನಗ."

"ಹೌದು."

"ಆ ಸಾಹೇಬಗ ನಾನು ದೀಪ ಹಚ್ಚೀನಿ ರೀ, ನಮ್ಮವರ ಮೊಣಕಾಲು ಕಾಯ್ದಾನ ಅಂತ!" ಎಂದು ಹಿಟ್ಟಿನ ಕೈಯನ್ನು ನನ್ನ ಮುಂದೆ ಝಾಡಿಸಿದಳು. ಸಿಟ್ಟು ಸಾಹೇಬರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ ಇತ್ತು.

ಭೀಮಿ ಹೇಳಿದಳು, "ಈಗಿನ ಮೇಡಂಗ ನಾ ಹೇಳೀನಿ, ಇವರು ನಮ್ಮ ಮುತ್ಯಾ, ಅಡಿಕೀನೂ ತಿನ್ನಂಗಿಲ್ಲ, ಇದು ಸುಳ್ಳ ಐತಿ ಅಂತ."

"ಮೊದಲ ದಿನಾನ? ಹುಚ್ಚಿ ಅದೀ ಏನ? ನೌಕರಿ ಕಳ್ಕೊಂತಿ!"

"ಕಳ್ಕೊಂಡ್ರ ಕಳ್ಕೋತೀನಿ. ಕೇಳು ಮೊದಲ. ಹೊಡೆದು ಹಾಕಾಕ ಬರಂಗಿಲ್ಲಂತ. ಆದ್ರ ಅದರ ಕೆಳಗ ಇವತ್ತಿನ ತಾರೀಖು ಹಾಕಿ ಇನ್ನೊಂದು ಸಾಲು ಬರೀಬಹುದಂತ. ಏನು ಬರೀಬೇಕು, ನಿಮ್ಮ ಮುತ್ಯಾನ್ನೇ ಕೇಳ್ಕೊಂಡು ಬಾ, ನಾ ಸಹಿ ಮಾಡ್ತೀನಿ ಅಂದ್ರು."

ಇಷ್ಟು ಸುಲಭ ಇತ್ತೇ? ಕೆಳಗೆ ಒಂದು ಸಾಲು ಬರೆಯುವ ಜಾಗ ಇಷ್ಟು ವರ್ಷವೂ ಅಲ್ಲೇ ಖಾಲಿ ಇತ್ತೇ? ನನಗೆ ಖುಷಿಯಾಗಲಿಲ್ಲ, ಇನ್ನೂ ಸಿಟ್ಟು ಬಂತು.

ಎಲ್ಲರೂ ತಾಟು ಹಾಕಿಕೊಂಡು ಕುಳಿತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಭೀಮಿಯ ನೌಕರಿಗೆಂದು ಹೋಳಿಗೆ. ಅವಳು ಎಡಗೈಯಲ್ಲಿ ಫೋನು ಹಿಡಿದು, "ಹೇಳು ಮುತ್ಯಾ, ಬರ್ಕೊಂತೀನಿ" ಎಂದಳು.

"ಸಾಹೇಬ ಸುಳ್ಳ ಅಂತ ಬರಿ" ಎಂದ ಶರಣಪ್ಪ.

"ಕತ್ತಿ ಅಂತ ಬರಿ, ಬಿಳೀ ಕೋಟಿನ ಕತ್ತಿ" ಎಂದಳು ಮಲ್ಲಮ್ಮ.

"ಅತ್ತೀ, ಅದು ಸರ್ಕಾರಿ ಪುಸ್ತಕ ರಿ" ಎಂದು ಲಕ್ಷ್ಮಿ ನಕ್ಕಳು.

ನನ್ನ ಬಾಯಿಗೂ ಬೈಗುಳ ಎಷ್ಟೋ ಬಂದವು, ಎಲ್ಲವನ್ನೂ ನುಂಗಿದೆ. ಮುಂದೆ ಆ ಕೆಲಸಕ್ಕೆ ಬರುವ ಮಕ್ಕಳು ಓದುವ ಪುಟ ಅದು. ಅವರಿಗೆ ಸಾಹೇಬರು ಕತ್ತೆ ಎಂದು ತಿಳಿದು ಏನಾಗಬೇಕಿದೆ? ಮರಿಗಳು ಯಾಕೆ ಸತ್ತವು ಎಂದು ತಿಳಿಯಬೇಕು.

"ಬರ್ಕೊ" ಎಂದೆ. "ಈ ಮರಿಗಳು ಹಸಿವಿನಿಂದ ಸತ್ತವು. ತಾಯಿ ಇಟ್ಟ ಬುತ್ತಿ ಒರೆಸಿದ್ದು ಸಾಯಿಬಣ್ಣನ ಕೈ. ಒರೆಸು ಎಂದದ್ದು ಸಾಹೇಬರ ಹುಕುಂ. ಕೈ ಕೊಳಕಿರಲಿಲ್ಲ."

ಭೀಮಿ ಬರೆದುಕೊಂಡಳು. ಇಂಗ್ಲಿಷಿನಲ್ಲಿ ಮಾಡಿ, ಮತ್ತೆ ಒಂದೊಂದೇ ಮಾತು ಕನ್ನಡದಲ್ಲಿ ನನಗೆ ಓದಿ ಹೇಳಿದಳು. ಸರಿಯಿತ್ತು. ಫೋನು ಗೋಡೆಯ ಹತ್ತಿರ ಸರಿಸಿ, ತಾಟಿಗೆ ಕೈ ಹಾಕಿದಳು.

ಮಲ್ಲಮ್ಮ ನನ್ನ ಕಡೆ ಮುಖ ಮಾಡದೆ ಬಡಿಸಿದಳು. ಆದರೆ ನನ್ನ ತಾಟಿನಲ್ಲಿ ರೊಟ್ಟಿ ಮುಗಿಯುವ ಮೊದಲೇ ಬಿಸಿ ರೊಟ್ಟಿ ಬೀಳುತ್ತಿತ್ತು. ಐದೂ ಜನ ಒಟ್ಟಿಗೆ ಉಂಡೆವು. ಸಿಟ್ಟು ಇಳಿದಿರಲಿಲ್ಲ. ನಾಲ್ಕು ರೊಟ್ಟಿ ತಿಂದೆ.